ನಾಲ್ಕು ನಮೂನಿ ಪದಬಂಧ: ಯಾವುದರ ಉತ್ತರ ತಲೆಯಲ್ಲಿ ಉಳಿಯಿತು?

ನಮ್ಮ ಅಣ್ಣನ ಮಗಳು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದಲೆಂದು ಚಿಂಚೋಳಿಯಿಂದ ಕಲಬುರಗಿಗೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವನ್ನು ಎರಡು ಸಲ ಓದಿದ್ದಳು. ಮೂರನೇ ಸಲ ತೆಗೆದಾಗಲೂ ಪುಟಗಳು ಹೊಸದಾಗಿಯೇ ಕಾಣುತ್ತವೆ ಎಂದು ಒಂದು ಸಂಜೆ ಕಣ್ಣಲ್ಲಿ ನೀರು ತಂದುಕೊಂಡಳು. ನಮ್ಮಪ್ಪ, ಅಂದರೆ ಅವಳ ಮುತ್ಯಾ, ರೈಲ್ವೆ ನೌಕರಿಯಲ್ಲಿದ್ದ ಕಾಲದಿಂದ ದಿನಾ ಪೇಪರಿನ ಪದಬಂಧ ಬಿಡಿಸುವವರು. "ಬರೀ ಓದಿದ್ರ ಮರಿತೀದಿ. ಹುಡುಕಿ ತುಂಬಿದ್ದು ಮರಿಯಂಗಿಲ್ಲ. ಪೆನ್ಸಿಲ್ ತಗೊಂಡ್ ಬಾ, ಕೂಡು" ಅಂದರು.

ಆ ಮಾತನ್ನು ಪರೀಕ್ಷೆ ಮಾಡಿಯೇ ಬಿಡೋಣ ಎಂದು ನಾನು ಹಟ ಹಿಡಿದೆ. ನಾಲ್ಕು ಬಗೆಯ ಪದಬಂಧ ಆರಿಸಿಕೊಂಡೆವು: ದಿನಪತ್ರಿಕೆಯದು, ಇಂಗ್ಲಿಷ್‌ನ ಸಾಮಾನ್ಯ ಜ್ಞಾನದ ಪದಬಂಧದ ಪುಸ್ತಕ, ಮೊಬೈಲಿನ ಒಂದು ಆ್ಯಪ್, ಕೊನೆಗೆ ನಾವೇ ಚೌಕಳಿ ಹಾಳೆಯ ಮೇಲೆ ಕಟ್ಟಿದ್ದು. ಒಂದೊಂದಕ್ಕೆ ಹದಿನೈದು ದಿನ. ಮುಗಿದು ಒಂದು ವಾರವಾದ ಮೇಲೆ, ಅದರಲ್ಲಿ ಬಂದಿದ್ದ ಕಲೆ, ನಿಸರ್ಗ, ಭೂಗೋಳ, ಆಟದ ಸುಳಿವುಗಳಲ್ಲಿ 20 ಆರಿಸಿ ಬಾಯಿಂದ ಕೇಳುತ್ತಿದ್ದೆ. ಇದು ಒಂದು ಮನೆಯ, ಒಬ್ಬ ಹುಡುಗಿಯ ಲೆಕ್ಕ. ಆದರೂ ಎರಡು ತಿಂಗಳು ಎದುರಿಗೆ ಕೂತು ನೋಡಿದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಪೇಪರಿನ ಪದಬಂಧದಿಂದ ಶುರು ಮಾಡುತ್ತೇನೆ. ಕನ್ನಡದಲ್ಲಿ ಪದಬಂಧ ಅಂದರೆ ಬಹುಪಾಲು ಸಮಾನಾರ್ಥದ ಆಟ. ಆನೆ ಅಂದರೆ ಕರಿ, ಸೂರ್ಯ ಅಂದರೆ ರವಿ, ತಾವರೆ ಅಂದರೆ ನಳಿನ. ಜೊತೆಗೆ ರಾಮಾಯಣ ಮಹಾಭಾರತದ ಹೆಸರುಗಳು. ಊರು, ನದಿ, ಹಕ್ಕಿ, ಆಟಗಾರರ ಸುಳಿವು ಒಂದು ಚೌಕದಲ್ಲಿ ನಾಲ್ಕೋ ಐದೋ ಸಿಕ್ಕರೆ ಹೆಚ್ಚು. ಹಾಗಾಗಿ ಪರೀಕ್ಷೆಗೆ ಓದುವವರಿಗೆ ಸರಕು ಕಡಿಮೆ. ಆದರೆ ಸಿಕ್ಕ ಐದರಲ್ಲಿ ಮೂರಾದರೂ ಗಟ್ಟಿಯಾಗಿ ಉಳಿದವು. ಯಾಕೆಂದು ಹುಡುಕುತ್ತ ಹೋದಾಗಲೇ ಕನ್ನಡದ ಚೌಕದ ಗುಣ ನನಗೆ ಸರಿಯಾಗಿ ಗೊತ್ತಾಗಿದ್ದು.

ಬೀದರಿನ ಲೋಹದ ಕುಸುರಿ ಕಲೆ ಬಿದರಿ ಎಂಬ ಮಾತನ್ನೇ ತಗೊಳ್ಳಿ. ಇಂಗ್ಲಿಷ್‌ನಲ್ಲಿ ಬರೆದರೆ ಬಿ, ಐ, ಡಿ, ಆರ್, ಐ ಎಂದು ಐದು ಮನೆ ಬೇಕು. ಕನ್ನಡದಲ್ಲಿ ಬಿ, ದ, ರಿ, ಮೂರೇ ಮನೆ. ಅಡ್ಡ ಬಂದ ಇನ್ನೊಂದು ಪದದಿಂದ ರಿ ಸಿಕ್ಕಿತು ಅಂದರೆ ವ್ಯಂಜನವೂ ಸಿಕ್ಕಿತು, ಅದರ ಗುಣಿತವೂ ಸಿಕ್ಕಿತು, ಮೂರನೇ ಒಂದು ಪಾಲು ಕೆಲಸ ಮುಗಿಯಿತು. ಹೀಗೆ ಒಂದು ಅಕ್ಷರದ ಆಸರೆ ಸಿಕ್ಕರೆ ಉತ್ತರ ಬಾಯಿಗೆ ಬರುತ್ತದೆ, ಆಸರೆ ಇಲ್ಲದಿದ್ದರೆ ಪುಸ್ತಕ ತೆಗೆಯಲೇಬೇಕು. ಇವೆರಡರ ನಡುವೆ ತಡಕಾಡುವ ಹೊತ್ತಿದೆಯಲ್ಲ, ಅದೇ ನೆನಪನ್ನು ನಾಟಿಸುತ್ತದೆ. ಆದರೆ ರ, ರಾ, ರಿ, ರಂ ಎಲ್ಲ ಬೇರೆ ಬೇರೆ ಮನೆ. ಕಲಬುರಗಿಯ ನಾಲ್ಕನೇ ಅಕ್ಷರಕ್ಕೆ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹೆಸರನ್ನು ಅಡ್ಡ ಹಾಕೋಣ ಅಂದರೆ ಕೂಡಿಬರುವುದಿಲ್ಲ, ಅದು ರ, ಇದು ರಂ.

ಪೇಪರಿನಲ್ಲಿ ನಮ್ಮ ಭಾಗದ ಹೆಸರು ಬಂದಾಗ ಇನ್ನೊಂದು ಪೇಚು. ಬೀದರ ಅಂತ ಬರೀಬೇಕೋ ಬೀದರ್ ಅಂತಲೋ? ಯಾದಗಿರಿಯೋ ಯಾದಗೀರೋ? ಗೋದಾವರಿಗೆ ಸೇರುವ ನಮ್ಮ ನದಿಯನ್ನು ಮಾಂಜ್ರಾ ಎಂದರೆ ಎರಡು ಮನೆ, ಮಾಂಜರಾ ಎಂದರೆ ಮೂರು, ಮಂಜೀರ ಎಂದರೂ ಮೂರು, ಆದರೆ ಅಕ್ಷರವೇ ಬೇರೆ. ಒಂದು ದಿನ ಆ ನದಿಯ ಮೇಲೆ ಅರ್ಧ ತಾಸು ಹೋಯಿತು. ಮರುದಿನ ಉತ್ತರ ನೋಡಿದರೆ ನಾವು ಮೂರೂ ಜನ ಎಂದೂ ಆಡದ ರೂಪ ಅಚ್ಚಾಗಿತ್ತು. ನನಗೆ ನಿಜವಾಗಿ ಬೇಸರವಾಯಿತು. ದಂಡೆಯ ಜನ ಕರೆಯುವ ಹೆಸರನ್ನು ಪದಬಂಧ ಕಟ್ಟುವವರು ಒಂದು ಸಲ ಕೇಳಿ ತಿಳಿಯಬೇಕು. ವಾರದ ನಂತರ ಕೇಳಿದಾಗ 20ರಲ್ಲಿ 12 ಹೇಳಿದಳು. ಮಾಂಜರಾ ಅದರಲ್ಲಿತ್ತು.

ಇಂಗ್ಲಿಷ್ ಪುಸ್ತಕ ಸಿಕ್ಕಿದ್ದು ಸೂಪರ್ ಮಾರ್ಕೆಟ್ ಕಡೆ ಹಳೆ ಪುಸ್ತಕ ಮಾರುವವರ ಹತ್ತಿರ. ವಿಷಯದ ದೃಷ್ಟಿಯಿಂದ ನೋಡಿದರೆ ಇದೇ ಎಲ್ಲಕ್ಕಿಂತ ಶ್ರೀಮಂತ. ಒಂದು ಚೌಕದಲ್ಲಿ 30 ಸುಳಿವು, ಎಲ್ಲವೂ ಕಲೆ, ಪ್ರಾಣಿ, ದೇಶ, ಕ್ರೀಡೆ. 1937ರಲ್ಲಿ ಗೆರ್ನಿಕಾ ಚಿತ್ರ ಬರೆದವರು ಯಾರು, ಕಾಲಿಗೆ ಪಟ್ಟೆಯಿದ್ದು ಜಿರಾಫೆಯ ನೆಂಟನಾದ ಕಾಂಗೋದ ಪ್ರಾಣಿ ಯಾವುದು, ಥಾಮಸ್ ಕಪ್ ಯಾವ ಆಟದ್ದು. ಹುಡುಗಿ ಅಟ್ಲಾಸ್ ಬಿಚ್ಚಿಕೊಂಡು ಕೂಡುತ್ತಿದ್ದಳು. ಆರ್ನೊ ನದಿ ಫ್ಲಾರೆನ್ಸ್ ನಗರದೊಳಗೆ ಹರಿಯುತ್ತದೆ, ಎಟ್ನಾ ಜ್ವಾಲಾಮುಖಿ ಸಿಸಿಲಿಯಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು.

ನಾಲ್ಕೈದು ಚೌಕ ಆಗುವಷ್ಟರಲ್ಲಿ ಅದರ ಗುಟ್ಟು ಹೊರಬಿತ್ತು. ಎಟ್ನಾ, ಆರ್ನೊ, ಓಸ್ಲೊ, ಈರಿ ಸರೋವರ, ಎಮು ಹಕ್ಕಿ, ಇವೇ ಮತ್ತೆ ಮತ್ತೆ ಬರುತ್ತವೆ. ಇಂಗ್ಲಿಷ್ ಚೌಕ ಕಟ್ಟಲು ಸ್ವರಾಕ್ಷರ ತುಂಬಿದ ಚಿಕ್ಕ ಹೆಸರುಗಳು ಬೇಕೇ ಬೇಕು, ಅದಕ್ಕೇ ಅವುಗಳಿಗೆ ಅಷ್ಟು ಬೇಡಿಕೆ. ಅಂದರೆ ಜಗತ್ತಿನಲ್ಲಿ ಯಾವುದು ಮುಖ್ಯ ಎಂಬುದನ್ನು ಅಲ್ಲಿ ಅಕ್ಷರವೇ ತೀರ್ಮಾನಿಸಿಬಿಡುತ್ತದೆ. ಜಿರಾಫೆಯ ಆ ನೆಂಟ ಒಕಾಪಿ ಎಂದು ಗೊತ್ತಾಗಿದ್ದಕ್ಕೆ ಅವಳಿಗೆ ಖುಷಿಯಾಯಿತು, ನನಗೂ ಆಯಿತು, ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅಡ್ಡ ಬಂದ ಒಂದು ಇಂಗ್ಲಿಷ್ ಅಕ್ಷರ ಕೊಡುವ ಆಸರೆ ಬಹಳ ತೆಳು. ತಿಳಿಯದಿದ್ದರೆ ತಿಳಿಯಲಿಲ್ಲ, ಹಿಂದಿನ ಪುಟದ ಉತ್ತರ ನೋಡುವುದೇ ಗತಿ. 20ರಲ್ಲಿ 9.

ಇದೇ ಸುಳಿವುಗಳನ್ನು ಕನ್ನಡಕ್ಕೆ ತಂದು ತುಂಬಿಸೋಣ ಎಂದು ಎರಡು ದಿನ ಒದ್ದಾಡಿದೆವು. ಓಸ್ಲೊ ಅಂದರೆ ಓ, ಸ್ಲೊ, ಎರಡೇ ಮನೆ. ಸ್ಲೊ ಇರುವ ಕನ್ನಡದ ಮಾತು ಒಂದೂ ನಮಗೆ ಹೊಳೆಯಲಿಲ್ಲ. ಎಟ್ನಾದ ಟ್ನಾ ಕೂಡ ಹಾಗೆಯೇ. ವಿಂಬಲ್ಡನ್, ಬ್ಯಾಡ್ಮಿಂಟನ್ ಅಂತೂ ಒತ್ತಕ್ಷರದ ಗೋಡೆ, ಕೊನೆಗೆ ಒಂಟಿ ನ್. ಗೆರ್ನಿಕಾ ಬರೆದ ಪಿಕಾಸೊ ಮಾತ್ರ ನಮ್ಮವರ ಹಾಗೆ ಬಂದು ಕೂತರು: ಪಿ ಕೆಳಗೆ ಪಿಕ, ಕಾ ಕೆಳಗೆ ಕಾವೇರಿ, ಸೊ ಕೆಳಗೆ ಸೊಗಸು.

ಆ್ಯಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒತ್ತಕ್ಷರ ಒಂದೇ ಮನೆಯಲ್ಲಿ ಕೂಡ್ರಲಿಲ್ಲ, ನಾಲ್ಕು ಸುಳಿವಿಗೊಂದು ಜಾಹೀರಾತು, ಬಲ್ಬಿನ ಚಿತ್ರ ಒತ್ತಿದರೆ ಅಕ್ಷರ ತಾನೇ ತೆರೆದುಕೊಳ್ಳುತ್ತದೆ. ಸಿಟಿ ಬಸ್ಸಿನಲ್ಲಿ ಕೂತಾಗ ಹೊತ್ತು ಕಳೆಯಲು ಅಡ್ಡಿಯಿಲ್ಲ. ಅತಿ ವೇಗವಾಗಿ ಮುಗಿಸಿದ್ದು ಇದನ್ನೇ. ಒಂದು ವಾರದ ಮೇಲೆ ಕೇಳಿದರೆ 20ರಲ್ಲಿ 5. "ಅತ್ತಿ, ನೋಡಿದ್ದು ನೆನಪದ, ಏನು ನೋಡಿದ್ದೆ ನೆನಪಿಲ್ಲ" ಅಂದಳು.

ಇನ್ನು ಮನೆಯದು. ಅಂಗಡಿಯಿಂದ ಗಣಿತದ ಚೌಕಳಿ ನೋಟುಬುಕ್ ತಂದು, ಅವಳು ಕಟ್ಟಬೇಕು, ಮುತ್ಯಾ ಬಿಡಿಸಬೇಕು, ನಾನು ತೀರ್ಪು ಹೇಳಬೇಕು ಎಂದು ಮಾಡಿಕೊಂಡೆವು. ಒಂದು ಚೌಕಕ್ಕೆ ಎರಡು ತಾಸು ಹಿಡಿಯುತ್ತಿತ್ತು. ಮೊದಲ ವಾರ ರಬ್ಬರಿನ ಪುಡಿ ಗುಡಿಸುವುದೇ ಒಂದು ಕೆಲಸ.

ಮೊದಲ ಚೌಕದಲ್ಲೇ ಅವಳು ಸನ್ನತಿ ಇಟ್ಟಳು. ಸ, ನ್ನ, ತಿ, ಮೂರು ಮನೆ. ಸನ್ನತಿಯ ನ್ನಕ್ಕೆ ಮೇಲಿಂದ ಕೆಳಗೆ ಕನ್ನಡ ಹಾಯ್ದುಹೋಗಿತ್ತು, ನೋಡಲು ಚೆಂದ. ಸುಳಿವು ಮಾತ್ರ ಸೊರಗಿತ್ತು: "ಅಶೋಕನ ಶಾಸನ ಸಿಕ್ಕ ಊರು (3)." ಮುತ್ಯಾ ಪೆನ್ಸಿಲ್ ಎತ್ತಿ ಕೊಪ್ಪಳ ಎಂದು ಬರೆದುಬಿಟ್ಟರು. ಕೊ, ಪ್ಪ, ಳ, ಅದೂ ಮೂರೇ. ಅಲ್ಲಿ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು? ಅದೂ ಮೂರು. 1915ರಲ್ಲಿ ಶಾಸನ ಸಿಕ್ಕ ಮಸ್ಕಿ ಎರಡೇ ಮನೆ, ಆದ್ದರಿಂದ ಅದು ಪಾರಾಯಿತು. "ನಾ ತಪ್ಪು ಬರ್ದೀನೇನವ್ವ? ನಿನ್ನ ಸುಳಿವು ಮೂರು ಊರಿಗೆ ಹೊಂದತದ" ಅಂದರು ಮುತ್ಯಾ.

ಅವತ್ತು ರಾತ್ರಿ ಅವಳು ಸುಳಿವನ್ನು ನಾಲ್ಕು ಸಲ ತಿದ್ದಿದಳು. ಭೀಮಾ ದಂಡೆ ಸೇರಿಸಿದಳು. ಚಂದ್ರಲಾಂಬ ಗುಡಿ ಸೇರಿಸಿದಳು. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು, ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾದ ಸಂಗತಿ ಓದಿಕೊಂಡಳು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ "ರಾಯೊ ಅಸೋಕೊ" ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪ ಇರುವುದೂ ತಿಳಿಯಿತು. ಕೊನೆಗೆ ಉಳಿದ ಸುಳಿವು ಇದು: "ಗುಡಿ ಕುಸಿದಾಗ ಪೀಠದಲ್ಲಿ ಅಶೋಕ ಸಿಕ್ಕ ಭೀಮಾ ದಂಡೆಯ ಊರು (3)." ಸುಳಿವು ಬರೆಯುವವರು ಒಂದು ಉತ್ತರ ಹೇಳಿ, ಉಳಿದ ಉತ್ತರಗಳಿಗೆ ಬಾಗಿಲು ಹಾಕಬೇಕು. ಬಾಗಿಲು ಹಾಕಲು ಉಳಿದವೂ ಗೊತ್ತಿರಬೇಕು. ಒಂದು ಊರು ಕಲಿಯಲು ಹೋಗಿ ಅವಳು ನಾಲ್ಕು ಊರು ಕಲಿತಳು. ಮನೆಯ ಪದಬಂಧಕ್ಕೆ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ.

ವಿಷಯಗಳ ಸ್ವಭಾವವೂ ಇಲ್ಲೇ ಬೇರೆ ಬೇರೆಯಾಗಿ ಕಂಡಿತು. ಭೂಗೋಳ, ಇತಿಹಾಸ ಚೌಕಕ್ಕೆ ಸಲೀಸು. ಬಹಮನಿ ಎಂಬ ಮಾತಿನಲ್ಲಿ ನಾಲ್ಕೂ ಸರಳ ಅಕ್ಷರ, ಎಲ್ಲಿ ಬೇಕಾದರೂ ಹಾಯುತ್ತದೆ. 1347ರಲ್ಲಿ ಶುರುವಾದ ರಾಜ್ಯ, ಕಲಬುರಗಿಯಿಂದ ಬೀದರ್‌ಗೆ ಹೋದ ರಾಜಧಾನಿ, 1472ರ ಮಹಮೂದ್ ಗವಾನ್ ಮದರಸಾ ಎಂದು ಸುಳಿವಿಗೆ ಬೇಕಾದಷ್ಟು ಹಿಡಿಕೆ. ಕಲೆಯಲ್ಲಿ ಬಿದರಿ ನಮ್ಮ ಚಿನ್ನ. ಸತು ತಾಮ್ರದ ಎರಕ, ಮೇಲೆ ಬೆಳ್ಳಿಯ ಕುಸುರಿ, ಬೀದರ್ ಕೋಟೆಯ ಮಣ್ಣು, ನವಸಾಗರ ಎಂಬ ಉಪ್ಪು ಬೆರೆಸಿದ ನೀರಿನಲ್ಲಿ ಕುದಿಸಿದ ಮೇಲೆ ಬರುವ ಕಪ್ಪು. ಮಣ್ಣಿನಿಂದ ಸತುವಿನ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದರಿಂದ ಅವಳು ಸತು, ಬೆಳ್ಳಿ, ಕೋಟೆ, ನವಸಾಗರ, ಬಿದರಿ ಎಂದು ಐದು ಉತ್ತರ ತೆಗೆದಳು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಪುರಾಣದ ಚಿತ್ರಗಳಿಗೂ ಹಿಂದಿ ಸಿನಿಮಾ ಪೋಸ್ಟರ್‌ಗಳಿಗೂ ಹೆಸರಾದ ಎಸ್.ಎಂ. ಪಂಡಿತರ ಸುಳಿವು ಬಂದಾಗ ಅವಳು ಪೆನ್ಸಿಲ್ ಕೆಳಗಿಟ್ಟಳು. ರಂಗಮಂದಿರದ ಮೇಲೆ ಆ ಹೆಸರು ದಿನಾ ನೋಡುತ್ತಾಳೆ, ಯಾರೆಂದು ಕೇಳಿರಲಿಲ್ಲ.

ನಿಸರ್ಗದಲ್ಲಿ ಪುಸ್ತಕದ ಮಾತಿಗಿಂತ ಮನೆಯ ಮಾತು ಗೆದ್ದಿತು. ಬೀದರ್ ಬಯಲಿನ ಕೃಷ್ಣಮೃಗ ಇಡಲು ಹೋದರೆ ಕೃ, ಷ್ಣ, ಮೃ, ಮೂರು ಕಡೆ ಸಿಕ್ಕು. ನಾವು ಆಡುವ ಚಿಗರಿ ಇಟ್ಟರೆ ಬಿದರಿ, ತೊಗರಿ, ಗೋದಾವರಿ ಎಲ್ಲದಕ್ಕೂ ರಿ ಹೊಂದಿಕೊಂಡಿತು. ಮುತ್ತಲ, ತಂಗಡಿ, ಬಾರಿ ಹಣ್ಣು ಎಲ್ಲ ಹೀಗೇ ಬಂದವು. ತನ್ನ ಚಿಂಚೋಳಿಯ ವನ್ಯಧಾಮವನ್ನು 2011ರಲ್ಲಿ ಘೋಷಿಸಿದರು ಎಂಬುದನ್ನು ಅವಳು ಮೂರು ಚೌಕಗಳಲ್ಲಿ ಮೂರು ಬಗೆಯಾಗಿ ಕೇಳಿದಳು.

ಆಟವೇ ಕಷ್ಟ. ಕಬಡ್ಡಿ ಚೆನ್ನಾಗಿ ಕೂಡುತ್ತದೆ, 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲು ಪದಕದ ಆಟವಾದದ್ದು ಎಂಬ ಸುಳಿವೂ ಒಳ್ಳೆಯದು. ಉಳಿದ ಬಹಳಷ್ಟು ಹೆಸರು ಇಂಗ್ಲಿಷ್. ಆದರೆ ಒಂದು ದಿನ ಆಟವೇ ಚೌಕವನ್ನು ಕಾಪಾಡಿತು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಅಡ್ಡಲಾಗಿ ಇಟ್ಟಿದ್ದಳು. ಖೇ ಅಕ್ಷರಕ್ಕೆ ಕೆಳಗೆ ಏನು? ಖೇದ ಒಂದೇ ಹೊಳೆದದ್ದು, ಅದು ಸಾಮಾನ್ಯ ಜ್ಞಾನವಲ್ಲ. ಹತ್ತು ನಿಮಿಷ ಕೂತವಳು ಥಟ್ಟನೆ ಖೇಲ್‌ರತ್ನ ಅಂದಳು. 1991-92ರಲ್ಲಿ ಮೊದಲ ಸಲ ವಿಶ್ವನಾಥನ್ ಆನಂದ್ ಪಡೆದ ಪ್ರಶಸ್ತಿ.

ಅಲ್ಲಿಂದ ವಾದ ಹತ್ತಿತು. ಕೂಡಿಸಿ ಬರೆದರೆ ಖೇ, ಲ್ರ, ತ್ನ, ಮೂರು ಮನೆ ಎಂದು ಮುತ್ಯಾ. "ಮುತ್ಯಾ, ಖೇಲ್ ಬ್ಯಾರೆ, ರತ್ನ ಬ್ಯಾರೆ. ಲ್‌ಗೆ ಒಂದ್ ಮನಿ ಕೊಡ್ಬೇಕು, ನಾಕು ಆಗ್ತಾವ" ಎಂದು ಅವಳು. ನಾನು ಅವಳ ಪರ ತೀರ್ಪು ಕೊಟ್ಟೆ, ಎರಡು ಪದ ಸೇರಿದ ಹೆಸರಿನಲ್ಲಿ ಅರ್ಧಾಕ್ಷರಕ್ಕೆ ಅದರದೇ ಮನೆ ಸಲ್ಲಬೇಕು. ಆ ಲ್ ಪಕ್ಕ ಎರಡೂ ಕಡೆ ಕಪ್ಪು ಚೌಕ ಬಿಟ್ಟೆವು.

ವಾರದ ಮೇಲೆ ಕೇಳಿದಾಗ 20ರಲ್ಲಿ 18. ಕಟ್ಟಿದವಳೇ ಅವಳಾದ್ದರಿಂದ ಈ ಲೆಕ್ಕಕ್ಕೆ ಅನುಕೂಲವಿತ್ತು ಎಂಬುದು ಸರಿ. ಅದಕ್ಕೇ ಅದೇ 20 ಸುಳಿವು ಬರೀ ಬಿಡಿಸಿದ ಮುತ್ಯಾನಿಗೂ ಕೇಳಿದೆ. 15 ಹೇಳಿದರು.

ಈಗ ನಮ್ಮ ಮನೆಯ ರೂಢಿ ಹೀಗಿದೆ. ಬೆಳಿಗ್ಗೆ ಚಹಾದ ಜೊತೆ ಪೇಪರಿನದು, ಕೈ ಪಳಗಲಿಕ್ಕೆ. ಇಂಗ್ಲಿಷ್ ಪುಸ್ತಕದಿಂದ ವಾರಕ್ಕೆ ಹತ್ತು ಸುಳಿವು ಮಾತ್ರ, ಅಟ್ಲಾಸ್ ಬಿಚ್ಚಲಿಕ್ಕೆ. ಆ್ಯಪ್ ತೆಗೆದುಹಾಕಿದ್ದಾಳೆ. ಭಾನುವಾರ ನೋಟುಬುಕ್. ನೀವೂ ಮಾಡುವುದಾದರೆ ಏಳು ಮನೆ ಉದ್ದ, ಏಳು ಮನೆ ಅಗಲಕ್ಕಿಂತ ದೊಡ್ಡದಕ್ಕೆ ಮೊದಲೇ ಕೈಹಾಕಬೇಡಿ. ರಿ, ಲು, ತಿ ಕೊನೆಯಲ್ಲಿರುವ ಹೆಸರುಗಳನ್ನು ಮೊದಲು ಪಟ್ಟಿ ಮಾಡಿಕೊಳ್ಳಿ. ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ತುಂಬುವ ರೂಢಿಯನ್ನೂ ಬಿಡಬೇಡಿ, ಕೊನೆಯ ಅಕ್ಷರಗಳ ಇಕ್ಕಟ್ಟಿಗೆ ಅದೇ ದಾರಿ.

ಈ ವಾರದ ಚೌಕದಲ್ಲಿ ಅವಳು ಸುರಪುರ ಇಟ್ಟಿದ್ದಾಳೆ, 1858ರಲ್ಲಿ ಬ್ರಿಟಿಷರ ಮೇಲೆ ಎದ್ದ ರಾಜಾ ವೆಂಕಟಪ್ಪ ನಾಯಕರ ಊರು. ಕೊನೆಯ ರಕ್ಕೆ ಮೇಲಿಂದ ಬೀದರ ಇಳಿಯಬೇಕು. ರ್ ಎಂದು ಬರೆದರೆ ಕೂಡುವುದಿಲ್ಲ. ರಬ್ಬರ್ ಹಿಡಿದುಕೊಂಡೇ ಮುತ್ಯಾನ ಕಡೆ ನೋಡಿದಳು.

"ಬಾಯಾಗ ಬೀದರ ಅಂತೀವಲ್ಲ," ಅಂದರು. "ರ ಇಡು."