ಹಳೇ ಸ್ಪೀಕರ್ ಬಿಚ್ಚಿ ಸರಿಮಾಡಿ ನಾಲ್ಕು ವರ್ಷ: ಏನು ಉಳಿಸಿಕೊಂಡೆ, ಏನು ತೆಗೆದುಹಾಕಿದೆ

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಹಾಲ್‌ನಲ್ಲಿರುವ ಸ್ಪೀಕರ್ ಜೋಡಿಗೆ ಈಗ 16 ವರ್ಷ. ಭಾರಿ ಸ್ವರಕ್ಕೆ ಆರೂವರೆ ಇಂಚಿನ ವೂಫರ್, ಸಣ್ಣ ಸ್ವರಕ್ಕೆ ಒಂದು ಇಂಚಿನ ಟ್ವೀಟರ್, ಹಿಂದುಗಡೆ ಗಾಳಿ ಆಡಲು ಒಂದು ಪೋರ್ಟ್, ಅಂದರೆ ತೂತು. ನಾಲ್ಕು ವರ್ಷದ ಹಿಂದೆ ಎಡಗಡೆಯದ್ದು ಮಂಕಾಗಿ ಕೇಳಿಸಲು ಶುರುವಾಯಿತು. ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಹಾಕಿದರೆ ದನಿ ನಡುವೆ ನಿಲ್ಲುತ್ತಿರಲಿಲ್ಲ, ಬಲಕ್ಕೆ ಜರುಗುತ್ತಿತ್ತು. ತಂಬೂರಿಯ ಜೇಂಕಾರವಂತೂ ಅರ್ಧಕ್ಕರ್ಧ ಮಾಯ. ಹೊಸ ಜೋಡಿ ಕೊಳ್ಳುವ ಮೊದಲು ಇದನ್ನೇ ಒಮ್ಮೆ ಬಿಚ್ಚಿ ನೋಡೋಣ ಅಂದುಕೊಂಡೆ.

ಬಿಚ್ಚುವವರಿಗೆ ಮೊದಲು ಒಂದು ಮಾತು. ವೂಫರ್‌ನ ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಕೈಯಿಂದ ಕಿತ್ತುಕೊಳ್ಳುವಷ್ಟು ಜೋರಾಗಿ ಎಳೆಯುತ್ತದೆ. ತುದಿ ಹೋಗಿ ಅದುರಿ ಸದ್ದು ಹೊರಡಿಸುವ ಬಟ್ಟಲಿಗೆ, ಅಂದರೆ ಕೋನ್‌ಗೆ ಚುಚ್ಚಿದರೆ ಕಥೆ ಮುಗಿಯಿತು. ಒಂದು ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ ಕೋನ್ ಮೇಲೆ ಮುಚ್ಚಿಕೊಂಡು ಕೆಲಸ ಮಾಡಿ.

ಒಳಗೆ ಭಾರಿ ಸ್ವರ ವೂಫರ್‌ಗೆ, ಸಣ್ಣ ಸ್ವರ ಟ್ವೀಟರ್‌ಗೆ ಹಂಚುವ ಕ್ರಾಸ್‌ಓವರ್ ಬೋರ್ಡಿನಲ್ಲಿ ಟ್ವೀಟರ್‌ಗೆ ಹೋಗುವ ದಾರಿಯಲ್ಲಿ 4.7 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇತ್ತು (ಮೈಕ್ರೋಫ್ಯಾರಡ್ ಅಂದರೆ ಅದರ ಅಳತೆ). ಭಾರಿ ಸ್ವರಗಳನ್ನು ತಡೆದು ಸಣ್ಣ ಸ್ವರಗಳನ್ನು ಮಾತ್ರ ಟ್ವೀಟರ್‌ಗೆ ಬಿಡುವುದು ಅದರ ಕೆಲಸ. ಎಲೆಕ್ಟ್ರೋಲಿಟಿಕ್ ಜಾತಿಯದು, ವರ್ಷ ಕಳೆದಂತೆ ಒಳಗಿನ ದ್ರವ ಒಣಗುತ್ತದೆ. ಒಂದು ಕಾಲು ಬಿಡಿಸಿ ಮೀಟರ್ ಹಿಡಿದೆ. ಬಲಗಡೆಯದು 4.6 ತೋರಿಸಿತು, ಎಡಗಡೆಯದು 3.9. ಈ ಅಂಕಿ ಕಮ್ಮಿಯಾದಷ್ಟೂ ಟ್ವೀಟರ್‌ಗೆ ಸಿಗುವ ಪಾಲು ಕಮ್ಮಿ. ದನಿ ಬಲಕ್ಕೆ ಜರುಗಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರೋಡ್‌ಗೆ ಹೋದೆ. ಮೊದಲ ಅಂಗಡಿಯಲ್ಲಿ ಮಾಮೂಲಿ ಪ್ಲಸ್-ಮೈನಸ್ ಗುರುತಿರುವ ಕೆಪಾಸಿಟರನ್ನೇ ಕೊಟ್ಟು, ಎಲ್ಲಾ ಒಂದೇ ಅಂದರು. ಒಂದೇ ಅಲ್ಲ. ಸ್ಪೀಕರ್‌ಗೆ ಬರುವುದು ಎರಡೂ ದಿಕ್ಕಿಗೆ ಹರಿಯುವ ಕರೆಂಟ್, ಪ್ಲಸ್-ಮೈನಸ್ ಭೇದವಿಲ್ಲದ ನಾನ್-ಪೋಲಾರ್ ಆಗಿರಲೇಬೇಕು. ಎರಡು ಅಂಗಡಿ ದಾಟಿದ ಮೇಲೆ ಒಬ್ಬ ಹಿರಿಯರು ಹಳೇದನ್ನು ಕೈಗೆ ತಗೊಂಡು ನೋಡಿ, "ಸ್ಪೀಕರ್‌ದಾ ಸಾರ್? ಫಿಲ್ಮ್ ಟೈಪ್ ಹಾಕ್ಬಿಡಿ, ಇನ್ನು ಒಣಗೋ ಮಾತೇ ಇಲ್ಲ" ಅಂದರು. ಎರಡೂ ಸ್ಪೀಕರ್‌ಗೆ ತಂದದ್ದು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಫಿಲ್ಮ್‌ನದು. ಗಾತ್ರ ಹೆಬ್ಬೆರಳಿಗಿಂತ ದಪ್ಪ, ಬೋರ್ಡ್ ಮೇಲೆ ಜಾಗ ಸಾಲದೆ ಪಕ್ಕಕ್ಕೆ ಮಲಗಿಸಿ ಟೈ ಕಟ್ಟಿ ಬೆಸುಗೆ ಹಾಕಿದೆ.

ಹಾಕಿದ ಮೊದಲ ವಾರ ಸ, ಶ ಅಕ್ಷರಗಳು ಕಿವಿಗೆ ಚುಚ್ಚುತ್ತಿದ್ದವು. ಹಳೇ ಕೆಪಾಸಿಟರ್‌ನೊಳಗೆ ಒಂದಿಷ್ಟು ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಇತ್ತು, ಹೊಸದರಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರ ಜೊತೆ ಸೀರೀಸ್‌ನಲ್ಲಿ 0.47 ಓಮ್, 5 ವ್ಯಾಟ್‌ನ ರೆಸಿಸ್ಟರ್ ಸೇರಿಸಿದೆ. ಸರಿಹೋಯಿತು. ಬಹಳ ಜನ ಇಲ್ಲೇ ಎಡವುತ್ತಾರೆ. ಹೊಸ ಕೆಪಾಸಿಟರ್ ಹಾಕಿ, ಶಬ್ದ ಚೂಪಾಯಿತು ಅಂತ ಬೇಜಾರು ಮಾಡಿಕೊಂಡು ಕಿತ್ತುಹಾಕುತ್ತಾರೆ.

ಆಮೇಲೆ ಪೆಟ್ಟಿಗೆ. ಬೆರಳ ಗೆಣ್ಣಿನಿಂದ ಪಕ್ಕದ ಹಲಗೆ ತಟ್ಟಿದರೆ ಡಬ್ ಅಂತ ಟೊಳ್ಳು ಸದ್ದು ಬರುತ್ತಿತ್ತು. ಜೆ.ಸಿ. ರೋಡ್‌ನಲ್ಲಿ ಕಾರಿನ ಬಾಗಿಲ ಒಳಗೆ ಅಂಟಿಸುವ ಡ್ಯಾಂಪಿಂಗ್ ಶೀಟ್ ಸಿಗುತ್ತದೆ, ಅದನ್ನು ತಂದು ಹಲಗೆಗಳ ಒಳಮೈಗೆ ಒತ್ತಿ ಅಂಟಿಸಿದೆ. ಈಗ ತಟ್ಟಿದರೆ ಟಕ್ ಅಂದು ಅಲ್ಲೇ ನಿಲ್ಲುತ್ತದೆ. ಎರಡು ವಾರ ಡಾಂಬರಿನ ವಾಸನೆ ಇತ್ತು, ಅಷ್ಟೇ. ವೂಫರ್ ಹಿಂದೆ ಮನೆಯಲ್ಲಿದ್ದ ಹಳೇ ಕುರಿ ಉಣ್ಣೆ ಕಂಬಳಿಯ ತುಂಡು ಇಟ್ಟೆ. ಕೇಳಲು ತುಂಬಾ ಚೆನ್ನಾಗಿತ್ತು, ಗಂಡು ದನಿಯ ಗೊಗ್ಗರು ಹೋಯಿತು. ಆದರೆ ಎರಡನೇ ಮಳೆಗಾಲದ ಹೊತ್ತಿಗೆ ಕಂಬಳಿಗೆ ನುಸಿ ಹಿಡಿದಿತ್ತು. ತೆಗೆದು ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಹಾಕಿದೆ. ಕಂಬಳಿಯಷ್ಟು ಸೊಗಸಿಲ್ಲ, ಆದರೆ ಹುಳದ ಕಾಟವಿಲ್ಲ. ಯಾವುದನ್ನು ಹಾಕಿದರೂ ಪೋರ್ಟಿನ ಒಳಬಾಯಿ ಮುಚ್ಚದ ಹಾಗೆ ನೋಡಿಕೊಳ್ಳಿ.

ಪದೇ ಪದೇ ಬಿಚ್ಚಿ ಹಾಕಿದ್ದಕ್ಕೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಸ್ಕ್ರೂ ತೂತುಗಳು ಸಡಿಲವಾದವು. ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿ, ಒಂದು ರಾತ್ರಿ ಬಿಟ್ಟು ಸ್ಕ್ರೂ ಹಾಕಿದೆ. ಇವತ್ತಿಗೂ ಗಟ್ಟಿ ಇದೆ.

ಒಂದು ಸಲ ಮುಚ್ಚಿ ಹಾಡು ಹಾಕಿದರೆ ಬೇಸ್ ಪೂರ್ತಿ ತೆಳ್ಳಗಾಗಿತ್ತು. ಒಂದು ವೂಫರ್‌ನ ವೈರ್ ಉಲ್ಟಾ ಕೊಟ್ಟಿದ್ದೆ. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗಿ ಎರಡೂ ಒಂದನ್ನೊಂದು ಕಳೆಯುತ್ತಿದ್ದವು. 1.5 ವೋಲ್ಟ್ ಸೆಲ್ಲನ್ನು ವೂಫರ್‌ನ ಕಾಲುಗಳಿಗೆ ಒಂದು ಕ್ಷಣ ತಾಗಿಸಿ, ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಕೋನ್ ಹೊರಗೆ ಬರಬೇಕು. ಟ್ವೀಟರ್ ಮೇಲೆ ಈ ಪರೀಕ್ಷೆ ಮಾಡಬೇಡಿ.

ದುಬಾರಿ ಸ್ಪೀಕರ್ ವೈರ್ ಕೂಡ ತಂದಿದ್ದೆ. ಮೂರು ಮೀಟರ್ ದೂರಕ್ಕೆ ಮಾಮೂಲಿ ದಪ್ಪ ತಾಮ್ರದ ವೈರ್‌ಗೂ ಅದಕ್ಕೂ ನನ್ನ ಕಿವಿಗೆ ವ್ಯತ್ಯಾಸ ಕಾಣಲಿಲ್ಲ. ದುಡ್ಡು ದಂಡ.

ಇಷ್ಟೆಲ್ಲಾ ಮಾಡಿದರೂ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಕಾಸೂ ಖರ್ಚಿಲ್ಲದ ಕೆಲಸ. ಸ್ಪೀಕರ್‌ಗಳು ಶೋಕೇಸ್‌ನೊಳಗೆ ಇದ್ದವು, ಪೋರ್ಟ್ ಗೋಡೆಗೆ ಅಂಟಿಕೊಂಡ ಹಾಗೆ. ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದಿದ್ದ ಗ್ರಾನೈಟ್ ತುಂಡುಗಳನ್ನು ಗಟ್ಟಿ ಸ್ಟೂಲುಗಳ ಮೇಲಿಟ್ಟು, ಅವುಗಳ ಮೇಲೆ ಸ್ಪೀಕರ್ ಕೂರಿಸಿ, ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರುವಂತೆ, ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ತಂದೆ. ವಿಟ್ರಿಫೈಡ್ ಟೈಲ್ಸ್ ನೆಲ, ಬರಿ ಗೋಡೆ. ಚಪ್ಪಾಳೆ ತಟ್ಟಿದರೆ ಝಣ್ ಅನ್ನುತ್ತಿತ್ತು. ಅಟ್ಟದ ಮೇಲಿದ್ದ ನವಲಗುಂದದ ಜಮಖಾನ ಇಳಿಸಿ ಹಾಸಿದೆವು. ಅವತ್ತು ಸಂಜೆ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತು, "ತಂಬೂರಿ ಈಗ ನಾಲ್ಕು ತಂತಿನೂ ಕೇಳಿಸ್ತಿದೆ ಕಣೋ" ಅಂದರು. ಹಾಗಾಗಿ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ: ಜಾಗ ಮತ್ತು ನೆಲ ಮೊದಲು, ಪೆಟ್ಟಿಗೆ ಆಮೇಲೆ, ಕೆಪಾಸಿಟರ್ ಅಳೆದು ನೋಡಿ ಕೆಟ್ಟಿದ್ದರೆ ಮಾತ್ರ.

ಒಟ್ಟು ಖರ್ಚು ವೈರ್ ಬಿಟ್ಟು 2,300 ರೂಪಾಯಿ. ಒಳಗೇ ಆಂಪ್ಲಿಫೈಯರ್ ಇದ್ದು ಪ್ಲಗ್ಗಿಗೆ ಹಾಕುವ ಸ್ಪೀಕರ್ ನಿಮ್ಮದಾದರೆ ಬಿಚ್ಚಬೇಡಿ, ಅದರೊಳಗೆ ಮನೆ ಕರೆಂಟೇ ಬರುತ್ತದೆ.

ಹೋದ ತಿಂಗಳು ಮತ್ತೆ ತೆಗೆದು ಕೆಪಾಸಿಟರ್ ಅಳೆದೆ. ಎಡಗಡೆ 4.68, ಬಲಗಡೆ 4.71. ವೂಫರ್ ಸುತ್ತಲಿನ ರಬ್ಬರ್ ಇನ್ನೂ ಮೆತ್ತಗಿದೆ, ಎಲ್ಲೂ ಬಿರುಕಿಲ್ಲ. ಧೂಳು ಒರೆಸಿ ಮುಚ್ಚಿದೆ.