ಫೋಟೊ ಸೇರಿಸುವ ಕೆಲಸಕ್ಕೆ ಗಿಂಪ್, ರೈಟರ್, ಶಾಟ್‌ಕಟ್

ಹಾಸನದ ಸೈಬರ್ ಸೆಂಟರ್‌ಗಳಿಗೂ ಚಿಕ್ಕ ಸ್ಟುಡಿಯೊಗಳಿಗೂ ಬರುವ ಫೋಟೊ ಕೆಲಸ ಹೆಚ್ಚುಕಡಿಮೆ ಮೂರು ಬಗೆಯದು: ಪರೀಕ್ಷೆಯ ಅರ್ಜಿಗೆ ಮುಖದ ಫೋಟೊ, ಸಕಲೇಶಪುರ ಕಡೆಯ ಹೋಂಸ್ಟೇಗಳಿಗೆ ಚಿತ್ರಸಹಿತ ಕೈಪಿಡಿ, ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಫೋಟೊ ಜೋಡಿಸಿದ ವಿಡಿಯೊ. ಇಷ್ಟಕ್ಕೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಾಗಿಲ್ಲ. ಫೋಟೊ ತಿದ್ದುವ ಗಿಂಪ್, ಕಡತ ಬರೆಯುವ ಲಿಬ್ರೆ ಆಫೀಸ್ ರೈಟರ್ ಮತ್ತು ವಿಡಿಯೊ ಜೋಡಿಸುವ ಶಾಟ್‌ಕಟ್ ಉಚಿತ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತವೆ, ವಾಟರ್‌ಮಾರ್ಕ್ ಒತ್ತುವುದಿಲ್ಲ. ಶಾಟ್‌ಕಟ್‌ಗೆ ಪೂರ್ತಿ ಅಂಕ. ಗಿಂಪ್ ಕೈಗೆ ಹತ್ತಲು ಸ್ವಲ್ಪ ದಿನ ಬೇಕು, ಆದರೂ ಬಿಡಬಾರದು. ರೈಟರ್ ಒಳ್ಳೆಯದೇ, ಆ್ಯಂಕರ್ ಅಂದರೇನು ಎಂದು ತಿಳಿಯುವ ತನಕ ಮಾತ್ರ ಗೋಳು.

ಅರ್ಜಿಯ ಫೋಟೊದಲ್ಲಿ ತೊಡಕು ಬರುವುದು ಕೆಬಿ ಲೆಕ್ಕದಲ್ಲಿ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವುದು 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿಗೆ 140×60 ಪಿಕ್ಸೆಲ್, 10ರಿಂದ 20 ಕೆಬಿ. ಗಿಂಪ್‌ನ ಕ್ರಾಪ್ ಟೂಲ್‌ನಲ್ಲಿ ‘ಫಿಕ್ಸ್ಡ್’ಗೆ ಗುರುತು ಹಾಕಿ 200:230 ಎಂದು ಬರೆದು ಮೊದಲು ಕತ್ತರಿಸಿ, ಆಮೇಲೆ ‘ಸ್ಕೇಲ್ ಇಮೇಜ್’ನಲ್ಲಿ ಅಗಲ 200 ಕೊಡಿ. ಕತ್ತರಿಸದೆ ನೇರ ಅಳತೆ ತುಂಬಿದರೆ ಮುಖ ಚಪ್ಪಟೆಯಾಗುತ್ತದೆ. ಉಳಿಸುವಾಗ ‘ಸೇವ್’ ಒತ್ತಿದರೆ ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಫೈಲ್ ಸಿಗುತ್ತದೆ, ಅದನ್ನು ಯಾವ ಅರ್ಜಿಯೂ ತೆಗೆದುಕೊಳ್ಳುವುದಿಲ್ಲ. ‘ಎಕ್ಸ್‌ಪೋರ್ಟ್ ಆ್ಯಸ್’ನಲ್ಲಿ ಜೆಪಿಜಿ ಆರಿಸಿ, ಪ್ರಿವ್ಯೂ ತೋರಿಸುವ ಗುರುತು ಹಾಕಿದರೆ, ಗುಣಮಟ್ಟದ ಪಟ್ಟಿ ಎಳೆದ ಹಾಗೆಲ್ಲ ಫೈಲ್ ಎಷ್ಟು ಕೆಬಿ ಆಗುತ್ತದೆಂದು ಅಲ್ಲೇ ಕಾಣುತ್ತದೆ. ಈ ಒಂದು ಅನುಕೂಲಕ್ಕೇ ಗಿಂಪ್ ಕಲಿಯಬಹುದು. ಇಷ್ಟು ಚಿಕ್ಕ ಚಿತ್ರ 20 ಕೆಬಿಗಿಂತ ಕೆಳಗೆ ಇಳಿದುಬಿಡುವುದೂ ಉಂಟು. ಆಗ ಪಟ್ಟಿಯನ್ನು ಮೇಲಕ್ಕೆ ಎಳೆಯಿರಿ. ಕಾಗದಕ್ಕೆ ಅಂಟಿಸುವ 35×45 ಮಿಮೀ ಫೋಟೊಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 413×531 ಪಿಕ್ಸೆಲ್ ಬೇಕು. ಪ್ರೊಫೈಲ್ ಚಿತ್ರವಾದರೆ ಚೌಕಕ್ಕೆ ಕತ್ತರಿಸಿ ತಲೆಯ ಸುತ್ತ ಜಾಗ ಬಿಡಿ, ಯಾಕೆಂದರೆ ಅದು ತೋರುವುದು ವೃತ್ತದಲ್ಲಿ, ನಾಲ್ಕು ಮೂಲೆಯೂ ಹೋಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ‘ಎಕ್ಸಿಫ್’ (ಕ್ಯಾಮೆರಾ ಫೋಟೊದೊಳಗೆ ಬರೆದಿಡುವ ಮಾಹಿತಿ) ಗುರುತನ್ನೂ ತೆಗೆಯಿರಿ. ಫೋಟೊ ತೆಗೆದ ಮನೆಯ ಜಾಗ ಅದರೊಳಗೆ ದಾಖಲಾಗಿರಬಹುದು.

ಬೇಲೂರಿನ ಮದನಿಕೆಗಳ ಫೋಟೊಗೆ ಇನ್ನೊಂದು ಹೆಜ್ಜೆ ಇದೆ. ಬಳಪದ ಕಲ್ಲು ಮೊದಲೇ ಕಪ್ಪು, ಸೂರಿನ ನೆರಳು ಬೇರೆ, ಹಿಂದೆ ಬೆಳ್ಳನೆಯ ಆಕಾಶ. ಪ್ರಿಂಟರ್‌ನಲ್ಲಿ ಅದು ಇನ್ನೂ ಕಪ್ಪಾಗಿ ಆಭರಣದ ಕೆತ್ತನೆಯೇ ಮಾಯವಾಗುತ್ತದೆ. ‘ಕಲರ್ಸ್’ ಮೆನುವಿನ ‘ಶ್ಯಾಡೋಸ್-ಹೈಲೈಟ್ಸ್’ನಲ್ಲಿ ನೆರಳನ್ನು ಮಾತ್ರ ಎತ್ತಿ, ಆಮೇಲೆ ಕಡತಕ್ಕೆ ಸೇರಿಸಿ.

ರೈಟರ್‌ನಲ್ಲಿ ಮೇಲೆ ಎರಡು ಸಾಲು ಸೇರಿಸಿದರೆ ಫೋಟೊ ಮುಂದಿನ ಪುಟಕ್ಕೆ ಹಾರಿ, ಇಲ್ಲಿ ಖಾಲಿ ಜಾಗ ಉಳಿಯುತ್ತದೆ ಎಂಬುದು ಸಾಮಾನ್ಯ ದೂರು. ಕಾರಣ ಆ್ಯಂಕರ್: ಫೋಟೊವನ್ನು ಯಾವ ಗೂಟಕ್ಕೆ ಕಟ್ಟಿದೆ ಎಂಬ ಲೆಕ್ಕ. ಕೋಷ್ಟಕದ ಒಳಗೆ, ಅರ್ಜಿಯ ಚೌಕದ ಒಳಗೆ ಇಡುವ ಫೋಟೊಗೆ ‘ಆ್ಯಸ್ ಕ್ಯಾರೆಕ್ಟರ್’ ಆರಿಸಿ. ಅದು ಅಕ್ಷರದಂತೆ ಸಾಲಿನಲ್ಲೇ ಕೂರುತ್ತದೆ. ಮುಖಪುಟದಲ್ಲಿ ಅಲುಗಾಡಬಾರದ ಚಿತ್ರಕ್ಕೆ ‘ಟು ಪೇಜ್’. ಕೈಪಿಡಿಯಲ್ಲಿ 8 ಸೆಂಮೀ ಅಗಲದ ಫೋಟೊಗೆ 300 ಡಿಪಿಐನಲ್ಲಿ 945 ಪಿಕ್ಸೆಲ್ ಸಾಕು. ಮೊಬೈಲ್‌ನ 4032 ಪಿಕ್ಸೆಲ್ ಅಗಲದ ಚಿತ್ರವನ್ನು ಹಾಗೇ ತುಂಬಿದರೆ ಬೇಕಾದುದಕ್ಕಿಂತ 18 ಪಟ್ಟು ಪಿಕ್ಸೆಲ್ ಹೊತ್ತ ಹಾಗಾಯಿತು. ಅಂಥ ಹನ್ನೆರಡು ಫೋಟೊ ಸೇರಿದರೆ ಜಿಮೇಲ್‌ನ 25 ಎಂಬಿ ಮಿತಿ ದಾಟುವುದು ಸುಲಭ. ಫೋಟೊ ಮೇಲೆ ಬಲಕ್ಲಿಕ್ ಮಾಡಿ ‘ಕಂಪ್ರೆಸ್’ ಕೊಡಬಹುದು.

ರೈಟರ್ ಒಳಗೆ ಕತ್ತರಿಸಿದ ಫೋಟೊದ ಉಳಿದ ಭಾಗ ಕಡತದಲ್ಲೇ ಅಡಗಿರುತ್ತದೆ. ಆಧಾರ್ ಸಂಖ್ಯೆ ಮರೆಮಾಡಲು ಅಲ್ಲಿ ಕ್ರಾಪ್ ಮಾಡಿ ರೈಟರ್‌ನ ಓಡಿಟಿ ಫೈಲ್ ಕಳಿಸಿದರೆ, ಪಡೆದವರು ಅದನ್ನು ಮತ್ತೆ ತೆರೆದು ನೋಡಬಹುದು. ಆ ಕೆಲಸ ಗಿಂಪ್‌ನಲ್ಲೇ ಆಗಬೇಕು. ಚಿತ್ರ ಸೇರಿಸುವಾಗ ‘ಲಿಂಕ್’ ಗುರುತು ಬೀಳದಂತೆಯೂ ನೋಡಿಕೊಳ್ಳಿ. ಬಿದ್ದಿದ್ದರೆ ಪ್ರೆಸ್‌ನ ಕಂಪ್ಯೂಟರಿನಲ್ಲಿ ಫೋಟೊ ಇದ್ದ ಜಾಗದಲ್ಲಿ ಬರೀ ಖಾಲಿ ಚೌಕ ಕಾಣುತ್ತದೆ.

ಶಾಟ್‌ಕಟ್ ನಿಜವಾಗಿ ಹೊಳೆಯುವುದು ಉದ್ದನೆಯ ಫೋಟೊದಲ್ಲಿ. 57 ಅಡಿಯ ಗೊಮ್ಮಟನನ್ನು ಎಲ್ಲರೂ ಮೊಬೈಲ್ ನೆಟ್ಟಗೆ ಹಿಡಿದೇ ತೆಗೆಯುತ್ತಾರೆ: 3024×4032. ವಿಡಿಯೊ ಅಡ್ಡ: 1920×1080. ಹಾಗೇ ಹಾಕಿದರೆ ಮೂರ್ತಿ ನಡುವೆ 810 ಪಿಕ್ಸೆಲ್‌ಗೆ ಸೊರಗಿ, ಎರಡೂ ಕಡೆ ಕಪ್ಪು ಪಟ್ಟಿ ಬರುತ್ತದೆ. ಅದರ ಬದಲು ‘ಸೈಜ್, ಪೊಸಿಷನ್ ಆ್ಯಂಡ್ ರೊಟೇಟ್’ ಫಿಲ್ಟರ್ ಹಾಕಿ, ಅಳತೆ 1920×2560 ಕೊಡಿ. ಅಗಲ ಪೂರ್ತಿ ತುಂಬಿತು, ಎತ್ತರದಲ್ಲಿ 1480 ಪಿಕ್ಸೆಲ್ ಮಿಗುತ್ತದೆ. ಕ್ಲಿಪ್‌ನ ಮೊದಲಲ್ಲಿ ವೈ (ಮೇಲೆ-ಕೆಳಗಿನ) ಸ್ಥಾನ -1480 ಇಟ್ಟು ಗಡಿಯಾರದ ಗುರುತು ಒತ್ತಿ, ಕೊನೆಗೆ ಹೋಗಿ ವೈ 0 ಮಾಡಿ. ಪಾದದಿಂದ ಹೊರಟ ದೃಷ್ಟಿ ತೊಡೆಗೆ ಹಬ್ಬಿದ ಬಳ್ಳಿಯ ಮೇಲೆ ಹಾದು ಮುಗುಳ್ನಗೆಯಲ್ಲಿ ನಿಲ್ಲುತ್ತದೆ. ಬೆಟ್ಟದ ಮೇಲೆ ನಿಂತು ತಲೆ ಎತ್ತಿ ನೋಡುವ ಕ್ರಮವೇ ಅದು. ಚಿತ್ರಕ್ಕೆ ತಾನಾಗಿ ಸಿಗುವ 4 ಸೆಕೆಂಡು ಇದಕ್ಕೆ ಸಾಲದು. ಕ್ಲಿಪ್ಪಿನ ಅಂಚು ಎಳೆದು 10 ಸೆಕೆಂಡು ಮಾಡಿ, ಸೆಕೆಂಡಿಗೆ 148 ಪಿಕ್ಸೆಲ್ ನಿಧಾನ ನಡಿಗೆ ಕಣ್ಣಿಗೆ ಹಿತ.

ಇದೇ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಬಂದಿದ್ದರೆ ಅಗಲ ಸುಮಾರು 1200 ಪಿಕ್ಸೆಲ್‌ಗೆ ಇಳಿದಿರುತ್ತದೆ. 1920ಕ್ಕೆ ಹಿಗ್ಗಿಸಿದಾಗ ಮಂಜಾಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಶುರುವಿನಲ್ಲೇ ‘ವಿಡಿಯೊ ಮೋಡ್’ನಲ್ಲಿ 1080ಪಿ, ಸೆಕೆಂಡಿಗೆ 25 ಫ್ರೇಮ್ ಆರಿಸುವುದನ್ನು ಮರೆಯಬೇಡಿ. ‘ಆಟೊಮ್ಯಾಟಿಕ್’ ಬಿಟ್ಟರೆ ಮೊದಲು ಎಳೆದು ಹಾಕಿದ ಫೈಲಿನ ಅಳತೆಯೇ ಇಡೀ ವಿಡಿಯೊದ್ದಾಗುತ್ತದೆ.

ಶಾಟ್‌ಕಟ್ ಉಳಿಸುವ ಎಂಎಲ್‌ಟಿ ಫೈಲಿನಲ್ಲಿ ಫೋಟೊ ಇರುವುದಿಲ್ಲ, ಫೋಟೊ ಎಲ್ಲಿದೆ ಎಂಬ ವಿಳಾಸ ಮಾತ್ರ. ಪೆನ್‌ಡ್ರೈವ್‌ನಿಂದ ನೇರ ಎಳೆದು ಹಾಕಿ, ಡ್ರೈವ್ ಕಿತ್ತು ಗಿರಾಕಿಗೆ ಕೊಟ್ಟರೆ ಮಾರನೆಯ ದಿನ ‘ಮಿಸ್ಸಿಂಗ್ ಫೈಲ್ಸ್’ ಪಟ್ಟಿ ತೆರೆದುಕೊಳ್ಳುತ್ತದೆ. ಮೊದಲು ಒಂದು ಫೋಲ್ಡರ್ ಮಾಡಿ ಫೋಟೊ, ಹಾಡು, ಎಂಎಲ್‌ಟಿ ಎಲ್ಲವನ್ನೂ ಅದರಲ್ಲೇ ಇಡಿ, ಸಾಗಿಸುವುದಾದರೆ ಫೋಲ್ಡರನ್ನೇ ಸಾಗಿಸಿ.