ಹಾಲಿಗೆ ಎನ್‌ಜೈಮ್ ಸೆನ್ಸರ್: ನಮ್ಮ ಮೊಸರು ಘಟಕದಲ್ಲಿ ಬಳಸಿ ನೋಡಿದ್ದು

ಚನ್ನರಾಯಪಟ್ಟಣದ ಹತ್ತಿರ ನಮ್ಮದೊಂದು ಚಿಕ್ಕ ಮೊಸರು ಘಟಕ ಇದೆ. ಕೆಚ್ಚಲು ಬಾವು ರೋಗಕ್ಕೆ ಆ್ಯಂಟಿಬಯೋಟಿಕ್ ಔಷಧಿ ಹಾಕಿಸಿದ ಹಸುವಿನ ಹಾಲು ಸೇರಿಬಿಟ್ಟರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯದೆ, ಎಷ್ಟು ಹೆಪ್ಪು ಹಾಕಿದರೂ ಸರಿಯಾಗಿ ಮೊಸರಾಗುವುದಿಲ್ಲ. ಹಾಗಾಗಿ ಪೆನಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಪತ್ತೆಹಚ್ಚಲು ಡೆಮೊಗೆ ಬಂದ ಈ ಸೆನ್ಸರ್ ಮೇಲೆ ನನಗೆ ಆಸೆ ಜಾಸ್ತಿಯೇ ಇತ್ತು.

ತುದಿಯಲ್ಲಿ ಪೆನಿಸಿಲಿನೇಸ್ ಎಂಬ ಎನ್‌ಜೈಮಿನ ತೆಳು ಪದರ ಇದೆ. ಅದು ಪೆನಿಸಿಲಿನ್ ಅನ್ನು ಒಡೆದಾಗ ಆಮ್ಲ ಹುಟ್ಟುತ್ತದೆ, ಪಿಎಚ್ (ಹುಳಿ ತಿಳಿಸುವ ಅಳತೆ) ಇಳಿದದ್ದನ್ನು ಎಲೆಕ್ಟ್ರೋಡ್ ಹಿಡಿಯುತ್ತದೆ. 1970ರ ದಶಕದಿಂದ ಇರುವ ಉಪಾಯ. ಪೆನಿಸಿಲಿನ್ ಜಿ ಕಲಸಿದ ನೀರಿನಲ್ಲಿ ಅದ್ದಿದೆವು, ಕೆಲವೇ ನಿಮಿಷದಲ್ಲಿ ಅಂಕಿ ಬಂತು. ನಿಜಕ್ಕೂ ಖುಷಿಯಾಯಿತು.

ಹಾಲಿನಲ್ಲಿ ಕಥೆ ಬೇರೆ. ಹಾಲಿನ ಪ್ರೋಟೀನ್, ಫಾಸ್ಫೇಟ್ ಎರಡೂ ಆ ಚೂರು ಆಮ್ಲವನ್ನು ಅಲ್ಲೇ ಅಡಗಿಸಿಬಿಡುತ್ತವೆ. ಮೇಲಾಗಿ ಹಾಲಿನಲ್ಲಿ ಪೆನಿಸಿಲಿನ್ ಜಿಗೆ ಇರುವ ಮಿತಿ ಕೆಜಿಗೆ 4 ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣ ಬೆರೆಸಿದಾಗ ಅಂಕಿ ಅಲುಗಲೇ ಇಲ್ಲ. ಲೀಟರಿಗೆ ಗ್ರಾಂಗಟ್ಟಲೆ ಪೆನಿಸಿಲಿನ್ ಇರುವ ಔಷಧಿ ಕಾರ್ಖಾನೆಯ ತೊಟ್ಟಿಗೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇಂಥದೇ ಎನ್‌ಜೈಮನ್ನು ಪುಟಾಣಿ ಸೂಜಿಗಳ ಮೇಲೆ ಕೂರಿಸಿ, ಮಾತ್ರೆ ನುಂಗಿದ ಸ್ವಯಂಸೇವಕರ ಚರ್ಮದಲ್ಲೇ ಪೆನಿಸಿಲಿನ್ ಅಳೆದು 2019ರಲ್ಲಿ ಪ್ರಕಟಿಸಿದ್ದಾರೆ. ಅಲ್ಲೂ ಔಷಧಿಯ ಪ್ರಮಾಣ ನಮ್ಮ ಹಾಲಿನ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು.

ನನಗೆ ಇನ್ನೂ ಚಿಂತೆ ಹುಟ್ಟಿಸಿದ್ದು ಪೆನಿಸಿಲಿನ್ ಗುಂಪಿನದೇ ಆದ ಕ್ಲಾಕ್ಸಾಸಿಲಿನ್. ಕೆಚ್ಚಲಿಗೆ ಏರಿಸುವ ಎಷ್ಟೋ ಟ್ಯೂಬುಗಳಲ್ಲಿ ಇರುವುದು ಅದೇ, ಅಲ್ವಾ? ಪೆನಿಸಿಲಿನೇಸ್‌ಗೆ ಸುಲಭವಾಗಿ ಬಗ್ಗದಿರಲಿ ಎಂದೇ ಮಾಡಿದ ಔಷಧಿ ಅದು. ಎನ್‌ಜೈಮ್ ಒಡೆಯದಿದ್ದರೆ ಆಮ್ಲ ಎಲ್ಲಿಂದ ಬರಬೇಕು? ಆಕ್ಸಿಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್‌ನಂಥ ಬೇರೆ ಗುಂಪಿನ ಆ್ಯಂಟಿಬಯೋಟಿಕ್ ಅಂತೂ ಇದಕ್ಕೆ ಕಾಣುವುದೇ ಇಲ್ಲ. ಮಾರಲು ಬಂದವರು ಇದನ್ನು ಹೇಳಲಿಲ್ಲ, ಡಬ್ಬಿಯ ಮೇಲೂ ಬರೆದಿರಲಿಲ್ಲ. ಅದಕ್ಕೆ ನನಗೆ ಸಿಟ್ಟಿದೆ.

ಪಶುವೈದ್ಯ ಕಾಲೇಜಿನ ಪಾಠಕ್ಕೆ ಇದು ಒಳ್ಳೆಯ ಉಪಕರಣ. ಹಾಲಿನ ಡೇರಿಗೆ ಸದ್ಯಕ್ಕೆ ಬೇಡ. ನಾವು ಬ್ಯಾಕ್ಟೀರಿಯಾ ಬೆಳೆಸಿ ಬಣ್ಣ ನೋಡುವ ಡೆಲ್ವೋಟೆಸ್ಟ್ ಬಗೆಯ ಪರೀಕ್ಷೆಯಲ್ಲೇ ಇದ್ದೇವೆ. 64 ಡಿಗ್ರಿಯಲ್ಲಿ ಇಟ್ಟು ಸುಮಾರು ಮೂರು ಗಂಟೆ ಕಾಯಬೇಕು. ಹಳದಿಗೆ ತಿರುಗಿದರೆ ಹಾಲು ಒಳಗೆ, ನೇರಳೆಯಾಗೇ ಉಳಿದರೆ ವಾಪಸ್. ಇಂಥ ಸೆನ್ಸರ್ ಯಾರಾದರೂ ತೋರಿಸಿದರೆ, ಹಾಲಿನಲ್ಲಿ ಎಷ್ಟು ಮೈಕ್ರೋಗ್ರಾಂವರೆಗೆ ಹಿಡಿಯುತ್ತದೆ, ಕ್ಲಾಕ್ಸಾಸಿಲಿನ್ ಹಿಡಿಯುತ್ತದಾ ಅಂತ ಬರವಣಿಗೆಯಲ್ಲೇ ಕೇಳಿ.